ಸಂಸ್ಕೃತ ಬಾರದಿದ್ದರೂ ಸಂಸ್ಕೃತ ಕೃತಿಯನ್ನು ಬಿಡಿಸಿಕೊಳ್ಳುವುದು ಹೇಗೆ?

ಸಂಗೀತ ಪಾಠಕ್ಕೆ ಹೋಗುವ ಯಾರನ್ನಾದರೂ ‘ವಾತಾಪಿ ಗಣಪತಿಂ’ ಬರುತ್ತಾ ಅಂತ ಕೇಳಿ. ಬರುತ್ತೆ ಅನ್ನುತ್ತಾರೆ. ಸಂಗತಿಗಳನ್ನೆಲ್ಲ, ಅಂದರೆ ಒಂದೇ ಸಾಲನ್ನು ಬೇರೆ ಬೇರೆ ಥರ ಬೆಳೆಸಿ ಹಾಡುವುದನ್ನೆಲ್ಲ, ಸೇರಿಸಿ ಚೆನ್ನಾಗಿ ಹಾಡುತ್ತಾರೆ ಕೂಡ. ಅರ್ಥ ಏನು ಅಂದರೆ ಮಾತ್ರ ‘ಗಣಪತಿ ಮೇಲಿನ ಹಾಡು’ ಅಂತ ಹೇಳಿ ಸುಮ್ಮನಾಗುತ್ತಾರೆ. ಸಂಸ್ಕೃತ ಕಲಿತವರಿಗೆ ಮಾತ್ರ ಆಗುವ ಕೆಲಸ ಅದು, ನಮ್ಮಂಥವರಿಗಲ್ಲ ಅನ್ನುವ ಹೆದರಿಕೆ ಎಲ್ಲರಲ್ಲೂ ಇದೆ.

ಆ ಹೆದರಿಕೆ ಬೇಡ. ಶಾಲೆಯಲ್ಲಿ ಕನ್ನಡ ವ್ಯಾಕರಣ ಓದಿದವರಿಗೆ ಬೇಕಾದ ಸಾಮಾನು ಮುಕ್ಕಾಲು ಪಾಲು ಆಗಲೇ ಕೈಯಲ್ಲಿದೆ. ಸವರ್ಣದೀರ್ಘ ಸಂಧಿ, ಗುಣ ಸಂಧಿ, ಬಹುವ್ರೀಹಿ ಸಮಾಸ, ಉ-ಅನ್ನು-ಇಂದ-ಗೆ ಅಂತ ಬಾಯಿಪಾಠ ಮಾಡಿದ ವಿಭಕ್ತಿಗಳು, ಇವೆಲ್ಲ ಕೆಲಸಕ್ಕೆ ಬರುವುದು ಇಲ್ಲೇ. ಒಂದೇ ಒಂದು ಕೃತಿ ಇಟ್ಟುಕೊಂಡು ಹೇಗೆ ಬಿಡಿಸುವುದು ಅಂತ ತೋರಿಸುತ್ತೇನೆ. ಮುತ್ತುಸ್ವಾಮಿ ದೀಕ್ಷಿತರ ಇದೇ ವಾತಾಪಿ ಇರಲಿ, ಯಾಕೆಂದರೆ ಇದರ ಧಾಟಿ ಬಹಳ ಜನಕ್ಕೆ ಕಿವಿಯಲ್ಲೇ ಇದೆ. ಕೈಗೆ ಒಂದು ನೋಟ್‌ಬುಕ್ ಮತ್ತು ಪೆನ್ಸಿಲ್ ತಗೊಳ್ಳಿ. ಪೆನ್ನು ಬೇಡ, ಅಳಿಸಿ ತಿದ್ದುವುದು ಜಾಸ್ತಿ ಇರುತ್ತದೆ.

ಮೊದಲು ಸರಿಯಾದ ಪಾಠ ಹುಡುಕಿ

ಸಾಹಿತ್ಯವನ್ನು, ಅಂದರೆ ಹಾಡಿನ ಮಾತುಗಳನ್ನು, ಕನ್ನಡ ಲಿಪಿಯಲ್ಲೇ ಇಟ್ಟುಕೊಳ್ಳಿ. ಯೂಟ್ಯೂಬ್ ವಿಡಿಯೋದ ಕೆಳಗೆ ಇಂಗ್ಲಿಷ್ ಅಕ್ಷರದಲ್ಲಿ ಬರೆದಿರುವುದನ್ನು ನೋಡಿ ಕಲಿಯಬೇಡಿ. ಅದರಲ್ಲಿ ತ ಯಾವುದು, ಥ ಯಾವುದು, ಟ ಯಾವುದು ಅಂತ ಗೊತ್ತಾಗುವುದಿಲ್ಲ. ‘ಧೃ’ ಮತ್ತು ‘ದ್ರು’ ಎರಡೂ ಒಂದೇ ಥರ ಕಾಣುತ್ತವೆ. ತಮಿಳು ಲಿಪಿಯ ಪುಸ್ತಕಗಳಲ್ಲೂ ಇದೇ ಕಷ್ಟ, ಅಲ್ಲಿ ಕ, ಖ, ಗ, ಘ ನಾಲ್ಕಕ್ಕೂ ಮೂಲದಲ್ಲಿ ಒಂದೇ ಅಕ್ಷರ. ತೆಲುಗು ಲಿಪಿಯ ಪುಸ್ತಕ ಸಿಕ್ಕರೆ ಬಿಡಬೇಡಿ. ನಮ್ಮ ಲಿಪಿಗೆ ಅಷ್ಟು ಹತ್ತಿರ ಇರುವುದರಿಂದ ಸ್ವಲ್ಪ ಅಭ್ಯಾಸ ಮಾಡಿದರೆ ಓದಿಕೊಳ್ಳಬಹುದು. ದೀಕ್ಷಿತರ ಕೃತಿಗಳಿಗೆ ಎಲ್ಲರೂ ಇವತ್ತಿಗೂ ತಿರುಗಿ ನೋಡುವ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ಯನ್ನು ಸುಬ್ಬರಾಮ ದೀಕ್ಷಿತರು 1904ರಲ್ಲಿ ಅಚ್ಚು ಹಾಕಿಸಿದ್ದು ತೆಲುಗು ಲಿಪಿಯಲ್ಲೇ.

ಒಂದಲ್ಲ, ಎರಡು ಕಡೆಯ ಪಾಠ ಪಕ್ಕಪಕ್ಕ ಇಟ್ಟುಕೊಳ್ಳಿ. ವ್ಯತ್ಯಾಸ ಎಲ್ಲಿದೆಯೋ ಅಲ್ಲಿ ಗೀಟು ಹಾಕಿ. ಈ ಕೃತಿಯಲ್ಲೇ ಒಂದು ಕಡೆ ‘ನಿಖಿಲ ಚಂದ್ರಖಂಡಂ’ ಅಂತ ಇರುತ್ತದೆ, ಇನ್ನೊಂದು ಕಡೆ ‘ನಿಟಿಲ ಚಂದ್ರಖಂಡಂ’ ಅಂತ. ನಿಖಿಲ ಅಂದರೆ ಎಲ್ಲ. ನಿಟಿಲ ಅಂದರೆ ಹಣೆ. ಹಣೆಯ ಮೇಲೆ ಚಂದ್ರನ ತುಂಡು ಇಟ್ಟುಕೊಂಡವನು ಅನ್ನುವುದು ಗಣಪತಿಗೆ ಒಪ್ಪುತ್ತದೆ. ‘ಎಲ್ಲ ಚಂದ್ರನ ತುಂಡು’ ಅಂದರೆ ಏನು ಹೇಳಿದ ಹಾಗಾಯಿತು? ನಾನಂತೂ ನಿಟಿಲದ ಪರ. ಆದರೆ ನಿಮ್ಮ ಗುರುಗಳು ಬೇರೆ ಪಾಠ ಹೇಳಿಕೊಟ್ಟಿದ್ದರೆ ಏಕಾಏಕಿ ಬದಲಾಯಿಸಿಕೊಂಡು ಹಾಡಬೇಡಿ. ಅವರನ್ನೇ ಕೇಳಿ. ಅರ್ಥ ಕೇಳುವ ಶಿಷ್ಯರನ್ನು ಕಂಡರೆ ಮೇಷ್ಟ್ರುಗಳಿಗೆ ಖುಷಿಯೇ ಆಗುತ್ತದೆ.

ತಲೆಬರಹ ಓದಿ

ಸಾಹಿತ್ಯದ ಮೇಲೆ ರಾಗ, ತಾಳ ಬರೆದಿರುತ್ತದೆ. ಇಲ್ಲಿ ರಾಗ ಹಂಸಧ್ವನಿ, ತಾಳ ಆದಿ. ಆದಿತಾಳ ಅಂದರೆ ಎಂಟು ಎಣಿಕೆ: ನಾಲ್ಕು ಎಣಿಕೆಯ ಒಂದು ಲಘು, ಎರಡೆರಡು ಎಣಿಕೆಯ ಎರಡು ದ್ರುತ. ಹಂಸಧ್ವನಿಯಲ್ಲಿ ಸ ರಿ ಗ ಪ ನಿ ಅಂತ ಐದೇ ಸ್ವರ. ಮಧ್ಯಮ, ಧೈವತ ಇಲ್ಲ. ಐದು ಸ್ವರ ಇದ್ದರೆ ಔಡವ, ಆರು ಇದ್ದರೆ ಷಾಡವ, ಏಳೂ ಇದ್ದರೆ ಸಂಪೂರ್ಣ. ಈ ರಾಗವನ್ನು ರೂಪಿಸಿದವರು ದೀಕ್ಷಿತರ ತಂದೆ ರಾಮಸ್ವಾಮಿ ದೀಕ್ಷಿತರು ಎನ್ನುತ್ತಾರೆ. ಇದು 29ನೇ ಮೇಳ (ಮೂಲ ರಾಗ) ಧೀರಶಂಕರಾಭರಣದ ಜನ್ಯ, ಅಂದರೆ ಅದರಿಂದ ಹುಟ್ಟಿದ ರಾಗ.

ಈ 29 ಎಲ್ಲಿಂದ ಬಂತು? ಹೆಸರಲ್ಲೇ ಇದೆ. ನಮ್ಮ ವರ್ಣಮಾಲೆ ಬಂದರೆ ಸಾಕು, ಅಕ್ಷರದಿಂದ ಅಂಕಿ ಓದುವ ಕಟಪಯಾದಿ ಸೂತ್ರ ಬಂದ ಹಾಗೆ. ಕ ದಿಂದ ಒಂದು, ಎರಡು, ಮೂರು ಅಂತ ಎಣಿಸುತ್ತಾ ಹೋಗಿ: ಝ ಒಂಬತ್ತು, ಞ ಸೊನ್ನೆ. ಮತ್ತೆ ಟ ದಿಂದ ಒಂದು: ಧ ಒಂಬತ್ತು, ನ ಸೊನ್ನೆ. ಪ ದಿಂದ ಮ ತನಕ ಒಂದರಿಂದ ಐದು. ಯ ದಿಂದ ಹ ತನಕ ಒಂದರಿಂದ ಎಂಟು. ಈಗ ‘ಧೀರ’ ತಗೊಳ್ಳಿ. ಧ ಒಂಬತ್ತು, ರ ಎರಡು. ತಿರುಗಿಸಿ ಓದಿದರೆ 29. ‘ಮಾಯಾ’ಮಾಳವಗೌಳ: ಮ ಐದು, ಯ ಒಂದು, ತಿರುಗಿಸಿದರೆ 15. ‘ಮೇಚ’ಕಲ್ಯಾಣಿ: ಐದು, ಆರು, ತಿರುಗಿಸಿದರೆ 65. ‘ಖರ’ಹರಪ್ರಿಯ 22. ‘ಹನು’ಮತೋಡಿ 8. ರಾಗದ ಹೆಸರಿಗೆ ಧೀರ, ಮಾಯಾ, ಮೇಚ ಅಂತ ಬಾಲಂಗೋಚಿ ಥರ ಮುಂದೆ ಸೇರಿಸಿದ್ದು ಈ ಲೆಕ್ಕಕ್ಕೋಸ್ಕರ. ಒತ್ತಕ್ಷರ ಬಂದ ಕಡೆ ಒಂದೆರಡು ಅಪವಾದ ಇವೆ, ಸದ್ಯಕ್ಕೆ ಅದರ ಗೊಡವೆ ಬೇಡ.

ಭಾಗ ಮಾಡಿಕೊಳ್ಳಿ, ಪ್ರಾಸ ಹಿಡಿಯಿರಿ

ಪಲ್ಲವಿ, ಅನುಪಲ್ಲವಿ, ಚರಣ ಅಂತ ಮೂರು ಭಾಗ. ನೋಟ್‌ಬುಕ್‌ನಲ್ಲಿ ಒಂದೊಂದಕ್ಕೂ ಬೇರೆ ಪುಟ ಕೊಡಿ. ದೀಕ್ಷಿತರ ಕೃತಿಗಳಲ್ಲಿ ಕೊನೆಗೆ ಕೆಲವು ಸಾಲು ಇದ್ದಕ್ಕಿದ್ದ ಹಾಗೆ ಎರಡರಷ್ಟು ವೇಗವಾಗಿ ಹೋಗುತ್ತವೆ. ಅದು ಮಧ್ಯಮಕಾಲ ಸಾಹಿತ್ಯ. ವಾತಾಪಿಯ ಚರಣದಲ್ಲಿ ‘ಕರಾಂಬುಜ ಪಾಶ’ ಎಂಬಲ್ಲಿಂದ ಅದು ಶುರು. ಕೆಲವು ಕೃತಿಗಳಲ್ಲಿ ಅನುಪಲ್ಲವಿ, ಚರಣ ಬೇರೆ ಬೇರೆ ಇರದೆ ಎರಡೂ ಸೇರಿ ಒಂದೇ ಭಾಗ ಆಗಿರುತ್ತದೆ, ಅದಕ್ಕೆ ಸಮಷ್ಟಿ ಚರಣ ಅಂತ ಹೆಸರು.

ಸಾಲುಗಳನ್ನು ಎಲ್ಲಿ ಮುರಿಯಬೇಕು ಅಂತ ಗೊತ್ತಾಗದಿದ್ದರೆ ಎರಡನೇ ಅಕ್ಷರ ನೋಡಿ. ‘ವಾತಾಪಿ’, ‘ಭೂತಾದಿ’, ‘ವೀತರಾಗಿಣಂ’: ಮೂರರಲ್ಲೂ ಎರಡನೆಯದು ತ. ಚರಣಕ್ಕೆ ಬಂದರೆ ‘ಪುರಾ’, ‘ಮುರಾರಿ’, ‘ಪರಾದಿ’, ‘ನಿರಂತರಂ’, ‘ಕರಾಂಬುಜ’, ‘ಹರಾದಿ’: ಎಲ್ಲದರಲ್ಲೂ ಎರಡನೆಯದು ರ. ಸಂಗೀತದವರು ಇದನ್ನು ದ್ವಿತೀಯಾಕ್ಷರ ಪ್ರಾಸ ಅನ್ನುತ್ತಾರೆ. ಹಳಗನ್ನಡ ಪಾಠದಲ್ಲಿ ಆದಿಪ್ರಾಸ ಅಂತ ಓದಿದ್ದೇವಲ್ಲ, ಅದೇ ಇದು. ಪುರಂದರದಾಸರ ‘ಜಗದೋದ್ಧಾರನ’ ತಗೊಂಡರೆ ‘ಜಗ’, ‘ನಿಗಮಕೆ’, ‘ಅಗಣಿತ’, ‘ಮಗುಗಳ’ ಅಂತ ಗ ಬರುತ್ತಾ ಹೋಗುವುದೂ ಇದೇ ಲೆಕ್ಕ. ಪ್ರಾಸ ಕಂಡುಹಿಡಿದರೆ ಸಾಲು ಎಲ್ಲಿ ಶುರು ಅಂತ ಗೊತ್ತಾಗುತ್ತದೆ. ಬಾಯಿಪಾಠವೂ ಬೇಗ ಆಗುತ್ತದೆ. ಅಚ್ಚಿನ ತಪ್ಪು ಇದ್ದರೆ ಅದೂ ಸಿಕ್ಕಿಬೀಳುತ್ತದೆ.

ಕ್ರಿಯಾಪದ ಎಲ್ಲಿದೆ?

ನನ್ನ ಪ್ರಕಾರ ಇಡೀ ಕೆಲಸದಲ್ಲಿ ಮುಖ್ಯವಾದ ಹೆಜ್ಜೆ ಇದು. ಉದ್ದನೆಯ ಸಮಾಸಗಳನ್ನು ನೋಡಿ ಗಾಬರಿಯಾಗುವ ಮೊದಲು, ಮಾಡುವ ಕೆಲಸ ಏನು ಅಂತ ಹುಡುಕಿ. ದೇವರ ಮೇಲಿನ ಕೃತಿಗಳಲ್ಲಿ ತಿರುತಿರುಗಿ ಬರುವ ಕ್ರಿಯಾಪದಗಳು ಕೈಬೆರಳೆಣಿಕೆಯಷ್ಟೇ. ಭಜೇ: ಭಜಿಸುತ್ತೇನೆ. ವಂದೇ, ನಮಾಮಿ: ನಮಸ್ಕರಿಸುತ್ತೇನೆ. ಸ್ಮರಾಮಿ: ನೆನೆಯುತ್ತೇನೆ. ಆಶ್ರಯೇ: ಮೊರೆಹೋಗುತ್ತೇನೆ. ಇವೆಲ್ಲ ‘ನಾನು’ ಮಾಡುವ ಕೆಲಸ. ಪಾಹಿ, ರಕ್ಷ: ಕಾಪಾಡು. ಇದು ಎದುರಿಗೆ ನಿಂತು ಕೇಳಿಕೊಳ್ಳುವುದು. ಅವತು, ಸಂರಕ್ಷತು: ಕಾಪಾಡಲಿ. ಜಯತಿ: ಗೆಲ್ಲುತ್ತಾನೆ, ಗೆಲ್ಲುತ್ತಾಳೆ. ಭಜರೇ, ಚಿಂತಯ: ಭಜಿಸು, ಧ್ಯಾನಿಸು. ಇದು ಹೆಚ್ಚಾಗಿ ತನ್ನ ಮನಸ್ಸಿಗೇ ಹೇಳಿಕೊಳ್ಳುವ ಮಾತು. ಜೊತೆಗೆ ನಾಲ್ಕು ಪುಟ್ಟ ಪದ ಗೊತ್ತಿರಲಿ: ಅಹಂ ನಾನು, ಮಾಂ ನನ್ನನ್ನು, ಮಮ ನನ್ನ, ತವ ನಿನ್ನ.

ಭಕ್ತಿಯಲ್ಲಿ ಒಂಬತ್ತು ಬಗೆ ಅಂತ ಭಾಗವತ ಹೇಳುತ್ತದೆ: ಶ್ರವಣ, ಕೀರ್ತನ, ಸ್ಮರಣ, ಪಾದಸೇವನ, ಅರ್ಚನ, ವಂದನ, ದಾಸ್ಯ, ಸಖ್ಯ, ಆತ್ಮನಿವೇದನ. ಕೃತಿಯ ಕ್ರಿಯಾಪದವನ್ನು ಈ ಪಟ್ಟಿಯ ಪಕ್ಕ ಇಟ್ಟು ನೋಡಿ. ಸ್ಮರಾಮಿ ಅಂದರೆ ಸ್ಮರಣ, ವಂದೇ ಅಂದರೆ ವಂದನ. ಹಾಡುವವರು ದೇವರ ಮುಂದೆ ಹೇಗೆ ನಿಂತಿದ್ದಾರೆ ಅಂತ ಗೊತ್ತಾದರೆ ಹಾಡಿನ ದನಿಯೂ ಅದಕ್ಕೆ ತಕ್ಕ ಹಾಗೆ ಬರುತ್ತದೆ.

ಈಗ ನಮ್ಮ ಪಲ್ಲವಿ: ‘ವಾತಾಪಿ ಗಣಪತಿಂ ಭಜೇಹಂ ವಾರಣಾಸ್ಯಂ ವರಪ್ರದಂ ಶ್ರೀ’. ಭಜೇಹಂ ಒಂದೇ ಪದ ಅಲ್ಲ. ಭಜೇ, ಅಹಂ. ನಾನು ಭಜಿಸುತ್ತೇನೆ. ಕೆಲವು ಪುಸ್ತಕಗಳಲ್ಲಿ ನಡುವೆ ‘ಽ’ ಚಿಹ್ನೆ ಹಾಕಿರುತ್ತಾರೆ. ಅದು ಅವಗ್ರಹ, ಅಲ್ಲೊಂದು ‘ಅ’ ಸೇರಿಹೋಗಿದೆ ಅಂತ ಗುರುತು. ಯಾರನ್ನು ಭಜಿಸುವುದು? ಗಣಪತಿಂ, ಗಣಪತಿಯನ್ನು. ಆ ‘ಂ’ ನಮ್ಮ ‘ಅನ್ನು’. ದ್ವಿತೀಯಾ ವಿಭಕ್ತಿ.

ಇಷ್ಟು ಹಿಡಿದ ಮೇಲೆ ಪೂರ್ತಿ ಸಾಹಿತ್ಯದ ಮೇಲೆ ಕಣ್ಣು ಹಾಯಿಸಿ. ವಾರಣಾಸ್ಯಂ, ವರಪ್ರದಂ, ಚರಣಂ, ಭರಣಂ, ವೀತರಾಗಿಣಂ, ವಿಶ್ವಕಾರಣಂ, ವಿಘ್ನವಾರಣಂ, ವಕ್ರತುಂಡಂ, ಹೇರಂಬಂ. ಎಲ್ಲದರ ಕೊನೆಗೂ ‘ಂ’. ಅಂದರೆ ಎಲ್ಲವೂ ಗಣಪತಿಂ ಎಂಬುದಕ್ಕೇ ಅಂಟಿಕೊಂಡ ಮಾತುಗಳು. ಇಡೀ ಕೃತಿ ಒಂದೇ ಒಂದು ವಾಕ್ಯ! ಹೀಗಿರುವವನನ್ನು, ಹೀಗಿರುವವನನ್ನು, ಹೀಗಿರುವವನನ್ನು ಅಂತ ಹೇಳುತ್ತಾ ಹೋಗಿ, ಕ್ರಿಯಾಪದಕ್ಕಾಗಿ ಪಲ್ಲವಿಗೆ ವಾಪಸ್ ಬರಬೇಕು. ಚರಣ ಮುಗಿಸಿ ಪಲ್ಲವಿ ಎತ್ತಿಕೊಳ್ಳುವುದು ಬರೀ ರೂಢಿ ಅಂದುಕೊಂಡಿರುತ್ತೇವೆ. ಇಲ್ಲಿ ಪಲ್ಲವಿಗೆ ಬಾರದಿದ್ದರೆ ವಾಕ್ಯವೇ ಮುಗಿಯುವುದಿಲ್ಲ. ನನಗೆ ಈ ಕೃತಿಯಲ್ಲಿ ತುಂಬಾ ಇಷ್ಟವಾದದ್ದು ಇದೇ. ವ್ಯಾಕರಣ ಮತ್ತು ಸಂಗೀತ ಎರಡೂ ಒಂದೇ ಜಾಗಕ್ಕೆ ಬಂದು ಸೇರುತ್ತವೆ. ‘ಅಗಣಿತ ಮಹಿಮನ, ಮಗುಗಳ ಮಾಣಿಕ್ಯನ’ ಅಂತ ಹೇಳುತ್ತಾ ಬಂದು ‘ಆಡಿಸಿದಳೆಶೋದೆ’ ಅಂತ ಮುಗಿಸುವ ದಾಸರ ಪದದಲ್ಲೂ ಇದೇ ಕಟ್ಟಡ ಇದೆ, ನೋಡಿ.

ಪಲ್ಲವಿಯ ಕೊನೆಯಲ್ಲಿ ಒಂಟಿಯಾಗಿ ‘ಶ್ರೀ’ ಯಾಕಿದೆ ಅಂತ ಅನ್ನಿಸಿರಬೇಕಲ್ವಾ? ಅದು ಮುಂದಿನ ಸುತ್ತಿನ ‘ವಾತಾಪಿ’ಗೆ ಸೇರಿದ್ದು. ತಿರುಗಿ ಹಾಡುವಾಗ ‘ಶ್ರೀ ವಾತಾಪಿ ಗಣಪತಿಂ’ ಆಗುತ್ತದೆ. ಅಲ್ಲಿ ಉಸಿರು ತಗೊಂಡು ಶ್ರೀಯನ್ನು ಬೇರೆ ಮಾಡಬೇಡಿ.

ಒಂದು ಎಚ್ಚರಿಕೆ. ‘ಂ’ ಕಂಡಲ್ಲೆಲ್ಲ ದ್ವಿತೀಯಾ ಅಲ್ಲ. ಅಹಂ ಅಂದರೆ ನಾನು, ನನ್ನನ್ನು ಅಲ್ಲ. ನಪುಂಸಕಲಿಂಗದ ಪದಗಳು ಪ್ರಥಮಾ ವಿಭಕ್ತಿಯಲ್ಲೂ ‘ಂ’ ಅಂತಲೇ ಮುಗಿಯುತ್ತವೆ. ಕ್ರಿಯಾಪದ ಇಟ್ಟುಕೊಂಡು ಯಾರು, ಯಾರನ್ನು ಅಂತ ಕೇಳಿದರೆ ಗೊಂದಲ ಬಗೆಹರಿಯುತ್ತದೆ.

ಸಂಧಿ ಬಿಡಿಸಿ

ಇಲ್ಲಿ ಪೆನ್ಸಿಲ್ ಕೆಲಸ ಜಾಸ್ತಿ. ಪದದ ನಡುವೆ ದೀರ್ಘ ಕಂಡರೆ ಅಲ್ಲಿ ಬೆಸುಗೆ ಇರಬಹುದು ಅಂತ ಅನುಮಾನ ಪಡಿ.

ವಾರಣಾಸ್ಯಂ. ಎಷ್ಟೋ ಜನ ಇದನ್ನು ವಾರಣಾಸಿ, ಅಂದರೆ ಕಾಶಿ ಅಂದುಕೊಂಡಿದ್ದಾರೆ. ಕಾಶಿಗೂ ಇದಕ್ಕೂ ಸಂಬಂಧ ಇಲ್ಲ. ವಾರಣ ಅಂದರೆ ಆನೆ, ಆಸ್ಯ ಅಂದರೆ ಮುಖ. ಆನೆಯ ಮುಖ ಯಾರಿಗಿದೆಯೋ ಅವನನ್ನು. ಸವರ್ಣದೀರ್ಘ ಸಂಧಿ, ಬಹುವ್ರೀಹಿ ಸಮಾಸ. ಅನುಪಲ್ಲವಿಯ ಕೊನೆಗೆ ‘ವಿಘ್ನವಾರಣಂ’ ಅಂತ ಮತ್ತೆ ವಾರಣ ಬರುತ್ತದೆ. ಅಲ್ಲಿ ಆನೆ ಅಲ್ಲ, ನಿವಾರಿಸುವವನು.

ವಾಗಾತ್ಮಕಂ: ವಾಕ್, ಆತ್ಮಕಂ. ಕ ಹೋಗಿ ಗ ಬಂದಿದೆ, ಜಶ್ತ್ವ ಸಂಧಿ. ವಿಧೃತೇಕ್ಷುದಂಡಂ: ವಿಧೃತ, ಇಕ್ಷು, ದಂಡಂ. ಅ ಮತ್ತು ಇ ಸೇರಿ ಏ ಆಗಿದೆ, ಗುಣ ಸಂಧಿ. ಇಕ್ಷುದಂಡ ಅಂದರೆ ಕಬ್ಬಿನ ಜಲ್ಲೆ. ಪ್ರಮುಖಾದ್ಯುಪಾಸಿತಂ: ಪ್ರಮುಖ, ಆದಿ, ಉಪಾಸಿತಂ. ಒಂದೇ ಪದದಲ್ಲಿ ಸವರ್ಣದೀರ್ಘವೂ ಇದೆ, ಯಣ್ ಸಂಧಿಯೂ ಇದೆ. ಪರೀಕ್ಷೆಗೆ ಓದುವ ಮಕ್ಕಳಿಗೆ ಸಂಧಿ ಹೇಳಿಕೊಡಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಾ?

ಇನ್ನೊಂದು ಊರಿನ ಹೆಸರಿನ ಮೋಸ ಮಧ್ಯಮಕಾಲದಲ್ಲಿದೆ. ‘ಪಾಶ ಬೀಜಾಪೂರಂ’. ನಮ್ಮ ವಿಜಯಪುರದ ಹಳೆಯ ಹೆಸರಿಗೂ ಇದಕ್ಕೂ ಸಂಬಂಧ ಇಲ್ಲ. ಬೀಜಾಪೂರ ಅಂದರೆ ಮಾದಳ ಹಣ್ಣು, ಒಳಗೆ ಬೀಜ ತುಂಬಿದ್ದು. ಗಣಪತಿ ಕಮಲದಂಥ ಕೈಗಳಲ್ಲಿ ಪಾಶ ಹಿಡಿದಿದ್ದಾನೆ, ಮಾದಳ ಹಣ್ಣು ಹಿಡಿದಿದ್ದಾನೆ, ಎಡಗೈಯಲ್ಲಿ ಕಬ್ಬು ಹಿಡಿದಿದ್ದಾನೆ. ಇಷ್ಟು ಗೊತ್ತಾದರೆ ಮೂರ್ತಿಯ ಚಿತ್ರ ಕಣ್ಣಿಗೆ ಕಟ್ಟುತ್ತದೆ.

ಕನ್ನಡದಲ್ಲಿ ಒಂದು ಅರ್ಥ, ಇಲ್ಲಿ ಇನ್ನೊಂದು ಅರ್ಥ ಇರುವ ಪದಗಳಿಗೆ ಬೇರೆ ಬಣ್ಣದ ಗುರುತು ಹಾಕಿ. ಗೊತ್ತಿಲ್ಲದ ಪದಕ್ಕಿಂತ ಗೊತ್ತಿದೆ ಅಂದುಕೊಂಡ ಪದವೇ ಜಾಸ್ತಿ ದಾರಿ ತಪ್ಪಿಸುತ್ತದೆ. ‘ನಿಜವಾಮಕರ’ ಎಂಬಲ್ಲಿ ನಿಜ ಅಂದರೆ ಸತ್ಯ ಅಲ್ಲ, ತನ್ನ. ತನ್ನ ಎಡಗೈ. ‘ವೀತರಾಗಿಣಂ’ನಲ್ಲಿ ರಾಗ ಅಂದರೆ ಹಂಸಧ್ವನಿ, ಕಲ್ಯಾಣಿ ಅಲ್ಲ; ಆಸೆ, ಅಂಟು. ಅದು ಬಿಟ್ಟುಹೋದವನು. ‘ಸಂಸೇವಿತ ಚರಣಂ’ನಲ್ಲಿ ಚರಣ ಅಂದರೆ ಪಾದ, ಹಾಡಿನ ಭಾಗ ಅಲ್ಲ. ಇನ್ನು ‘ಭೂತ’ವಂತೂ ಇದೊಂದೇ ಕೃತಿಯಲ್ಲಿ ಮೂರು ಸಲ ಬರುತ್ತದೆ. ಭೂತಾದಿ ಸಂಸೇವಿತ ಅನ್ನುವಾಗ ಶಿವನ ಪರಿವಾರದ ಭೂತಗಣಗಳು. ಭೂತ ಭೌತಿಕ ಪ್ರಪಂಚ ಅನ್ನುವಾಗ ಮಣ್ಣು, ನೀರು, ಬೆಂಕಿ, ಗಾಳಿ, ಆಕಾಶ ಎಂಬ ಪಂಚಭೂತಗಳು ಮತ್ತು ಅವುಗಳಿಂದ ಆದ ಜಗತ್ತು. ಕೊನೆಯ ಭೂತಾಕಾರಂಗೆ ಪಂಚಭೂತಗಳೇ ಆಕಾರವಾದವನು ಅಂತಲೂ ಹೇಳುತ್ತಾರೆ, ದೊಡ್ಡ ಮೈಯವನು ಅಂತಲೂ ಹೇಳುತ್ತಾರೆ. ಎರಡನ್ನೂ ಬರೆದಿಟ್ಟುಕೊಳ್ಳಿ.

ಗೊತ್ತಿಲ್ಲದ ಪದಕ್ಕೆ ಮೊದಲು ಕನ್ನಡ ನಿಘಂಟನ್ನೇ ತೆಗೆಯಿರಿ. ಸಾಹಿತ್ಯ ಪರಿಷತ್ತಿನ ನಿಘಂಟಿನಲ್ಲಿ ಹಳೆಯ ಕಾವ್ಯಗಳಿಂದ ಬಂದ ಸಂಸ್ಕೃತ ಪದಗಳು ಬೇಕಾದಷ್ಟಿವೆ. ಪಂಪ, ಕುಮಾರವ್ಯಾಸ ಓದಿದವರಿಗೆ ಈ ಪದಗಳಲ್ಲಿ ಎಷ್ಟೋ ಹಳೆಯ ಪರಿಚಯದವೇ. ಸಿಗದಿದ್ದರೆ ಆಮೇಲೆ ಸಂಸ್ಕೃತ ಕೋಶ.

ಕಥೆ, ಊರು, ಉಪಾಸನೆಯ ಪದಗಳು

ಸಂಧಿ ಬಿಡಿಸಿದರೂ ಕೆಲವು ಪದ ಬಾಯಿ ಬಿಡುವುದಿಲ್ಲ. ಅವಕ್ಕೆ ಹಿಂದಿನ ಕಥೆ ಬೇಕು. ‘ಕುಂಭಸಂಭವ ಮುನಿವರ’ ಯಾರು? ಕುಂಭದಲ್ಲಿ ಹುಟ್ಟಿದ ಮುನಿ, ಅಗಸ್ತ್ಯರು. ಅವರೇ ಯಾಕೆ? ಇಲ್ವಲ, ವಾತಾಪಿ ಎಂಬ ರಾಕ್ಷಸ ಅಣ್ಣತಮ್ಮಂದಿರ ಕಥೆ ಗೊತ್ತಿರಬೇಕು. ವಾತಾಪಿಯನ್ನು ಅಡುಗೆ ಮಾಡಿ ಅತಿಥಿಗಳಿಗೆ ಬಡಿಸಿ, ಆಮೇಲೆ ಹೊಟ್ಟೆ ಸೀಳಿಕೊಂಡು ಹೊರಗೆ ಬಾ ಅಂತ ಇಲ್ವಲ ಕರೆಯುತ್ತಿದ್ದ. ಅಗಸ್ತ್ಯರು ಹೊಟ್ಟೆ ಸವರಿಕೊಂಡು ಜೀರ್ಣಿಸಿಬಿಟ್ಟರು. ಪಲ್ಲವಿಯ ವಾತಾಪಿಗೂ ಚರಣದ ಕುಂಭಸಂಭವನಿಗೂ ಹೀಗೆ ಒಳಗಿಂದೊಳಗೆ ನಂಟು.

ವಾತಾಪಿ ಊರಿನ ಹೆಸರೂ ಹೌದು. ನಮ್ಮ ಬಾದಾಮಿ. ಚಾಲುಕ್ಯರ ರಾಜಧಾನಿ. 642ರಲ್ಲಿ ಪಲ್ಲವ ನರಸಿಂಹವರ್ಮ ಅದನ್ನು ಗೆದ್ದ. ಅವನ ಸೇನಾಪತಿ ಪರಂಜೋತಿ ಅಲ್ಲಿಂದ ಒಂದು ಗಣಪತಿಯನ್ನು ತಂದು ತನ್ನ ಊರಾದ ತಿರುಚ್ಚೆಂಗಾಟ್ಟಂಗುಡಿಯಲ್ಲಿಟ್ಟ, ಅದೇ ವಾತಾಪಿ ಗಣಪತಿ ಅಂತ ತಮಿಳುನಾಡಿನ ಆ ಕಡೆಯ ಜನರ ನಂಬಿಕೆ. ಆ ಊರು ದೀಕ್ಷಿತರು ಹುಟ್ಟಿದ ತಿರುವಾರೂರಿನ ಸೀಮೆಯಲ್ಲೇ ಇದೆ. ದೀಕ್ಷಿತರ ಕೃತಿ ಯಾವುದೇ ಇರಲಿ, ಇದು ಯಾವ ಕ್ಷೇತ್ರದ ದೇವರು ಅಂತ ಒಂದು ಸಲ ಕೇಳಿಕೊಳ್ಳಿ. ಅವರು ಊರೂರು ತಿರುಗಿ ಆಯಾ ಗುಡಿಯ ದೇವರ ಮೇಲೆ ಹಾಡಿದವರು. ಗುಡಿಯ ಹೆಸರು, ಅಲ್ಲಿಯ ತೀರ್ಥ, ಮೂರ್ತಿಯ ಕೈಯಲ್ಲಿ ಏನಿದೆ ಎಂಬುದು ಸಾಹಿತ್ಯದಲ್ಲೇ ಬಂದಿರುತ್ತದೆ.

ಕೊನೆಗೆ ಉಪಾಸನೆಯ ಪದಗಳು. ತ್ರಿಕೋಣ, ಮೂಲಾಧಾರ, ಪ್ರಣವ, ಪರಾದಿ ಚತ್ವಾರಿ ವಾಕ್. ದೀಕ್ಷಿತರು ಶ್ರೀವಿದ್ಯಾ ಎಂಬ ದೇವಿ ಆರಾಧನೆಯ ಪದ್ಧತಿಯ ಉಪಾಸಕರು, ಹಾಗಾಗಿ ಇವು ಅವರಿಗೆ ದಿನದ ಮಾತು. ಬೆನ್ನುಹುರಿಯ ಬುಡದಲ್ಲಿರುವ ಚಕ್ರ ಮೂಲಾಧಾರ, ಅದಕ್ಕೆ ಅಧಿದೇವತೆ ಗಣಪತಿ. ಅದರ ನಡುವೆ ತ್ರಿಕೋಣ. ಪ್ರಣವ ಅಂದರೆ ಓಂಕಾರ. ನಾಲ್ಕು ವಾಕ್ಕುಗಳು: ಪರಾ, ಪಶ್ಯಂತೀ, ಮಧ್ಯಮಾ, ವೈಖರೀ. ಮಾತು ಹುಟ್ಟುವ ಮುಂಚಿನ ಸ್ಥಿತಿಯಿಂದ ಹಿಡಿದು ಬಾಯಿಂದ ಹೊರಗೆ ಬರುವ ತನಕದ ನಾಲ್ಕು ಹಂತ. ನಾವು ಹಾಡುವಾಗ ಕೇಳಿಸುವುದು ವೈಖರಿ. ಮೂಲಾಧಾರದಿಂದ ನಾದ ಹುಟ್ಟಿ ಮೇಲೆ ಬರುತ್ತದೆ ಅನ್ನುವುದು ಸಂಗೀತ ಶಾಸ್ತ್ರದ ಮಾತೂ ಹೌದು. ಗಣಪತಿಯ ಕೃತಿಯಲ್ಲಿ ಧ್ವನಿಯ ವಿಚಾರ ಬಂದದ್ದು ಅದಕ್ಕೆ. ಇವುಗಳ ಆಳಕ್ಕೆ ಇಳಿಯಲು ಗುರು ಬೇಕು. ಹಾಡುವವರಿಗೆ ಸದ್ಯ ಇಷ್ಟು ಸಾಕು.

ಮುದ್ರೆ ಹುಡುಕಿ

ಹಾಡು ಯಾರದು ಅಂತ ಹೇಳುವ ಗುರುತು ಮುದ್ರೆ. ನಮ್ಮ ದಾಸರು ಅಂಕಿತ ಅನ್ನುತ್ತಾರೆ: ಪುರಂದರ ವಿಠಲ, ವಿಜಯ ವಿಠಲ, ಕಾಗಿನೆಲೆಯಾದಿಕೇಶವ. ದೀಕ್ಷಿತರದು ‘ಗುರುಗುಹ’. ಶ್ಯಾಮಾಶಾಸ್ತ್ರಿಗಳದು ‘ಶ್ಯಾಮಕೃಷ್ಣ’. ತ್ಯಾಗರಾಜರು ತಮ್ಮ ಹೆಸರನ್ನೇ ಹಾಕುತ್ತಾರೆ. ಮೈಸೂರು ವಾಸುದೇವಾಚಾರ್ಯರದು ‘ವಾಸುದೇವ’. ಜಯಚಾಮರಾಜ ಒಡೆಯರದು ‘ಶ್ರೀವಿದ್ಯಾ’. ಸಂಸ್ಕೃತ ಕೃತಿಗಳಲ್ಲಿ ಮುದ್ರೆ ಎದ್ದು ಕಾಣುವುದಿಲ್ಲ, ಸಮಾಸದ ಒಳಗೆ ಸೇರಿಕೊಂಡಿರುತ್ತದೆ. ‘ಹರಾದಿ ಗುರುಗುಹ ತೋಷಿತ ಬಿಂಬಂ’ ಅನ್ನುವಲ್ಲಿ ಗುರುಗುಹ ಅಂದರೆ ಸುಬ್ರಹ್ಮಣ್ಯನೂ ಹೌದು, ದೀಕ್ಷಿತರ ಸಹಿಯೂ ಹೌದು. ಅದರ ಬೆನ್ನಿಗೇ ‘ಹಂಸಧ್ವನಿ ಭೂಷಿತ ಹೇರಂಬಂ’. ರಾಗದ ಹೆಸರನ್ನೂ ಅರ್ಥಕ್ಕೆ ಹೊಂದುವ ಹಾಗೆ ಕೂರಿಸಿದ್ದಾರೆ. ಇದು ರಾಗಮುದ್ರೆ. ಪುಸ್ತಕದಲ್ಲಿ ರಾಗದ ಹೆಸರು ಹರಿದುಹೋಗಿದ್ದರೂ ಸಾಹಿತ್ಯದಲ್ಲೇ ಸಿಗುತ್ತದೆ.

ಈಗ ಬಾಯಿಬಿಟ್ಟು ಓದಿ, ಆಮೇಲೆ ಹಾಡಿ

ರಾಗ ಹಾಕದೆ, ಬರೀ ಮಾತಿನ ಹಾಗೆ ಜೋರಾಗಿ ಓದಿ. ಮಹಾಪ್ರಾಣ ಸರಿಯಾಗಿ ಬರಲಿ: ಬಜೇ ಅಲ್ಲ, ಭಜೇ, ಬರಣಂ ಅಲ್ಲ, ಭರಣಂ, ದ್ವನಿ ಅಲ್ಲ, ಧ್ವನಿ. ಸೊನ್ನೆಯ ಉಚ್ಚಾರ ಮುಂದಿನ ಅಕ್ಷರ ನೋಡಿ ಬದಲಾಗುತ್ತದೆ. ‘ಗಣಪತಿಂ ಭಜೇ’ ಅನ್ನುವಾಗ ತುಟಿ ಮುಚ್ಚಿ ಮ್ ಬರಬೇಕು. ಸೊನ್ನೆಯನ್ನು ಬಿಟ್ಟೇಬಿಟ್ಟರೆ ಅರ್ಥವೇ ಉಲ್ಟಾ ಆಗಬಹುದು. ‘ಮಾಂ ಪಾಹಿ’ ಅಂದರೆ ನನ್ನನ್ನು ಕಾಪಾಡು. ಸಂಸ್ಕೃತದಲ್ಲಿ ಬರೀ ‘ಮಾ’ ಅಂದರೆ ‘ಬೇಡ’.

ಉಸಿರು ಎಲ್ಲಿ ತಗೊಳ್ಳಬೇಕು ಅಂತ ಈಗಲೇ ಗುರುತು ಹಾಕಿ. ಭಜೇಹಂ ಆದ ಮೇಲೆ ತಗೊಳ್ಳಬಹುದು. ವಾರಣಾ ಅಂತ ನಿಲ್ಲಿಸಿ ಸ್ಯಂ ಅಂತ ಎತ್ತಿಕೊಳ್ಳಬೇಡಿ. ತಾಳಕ್ಕೋಸ್ಕರ ಕೆಲವು ಕಡೆ ಪದ ಮುರಿಯಲೇಬೇಕಾಗುತ್ತದೆ, ಅಲ್ಲಿ ದನಿಯನ್ನಾದರೂ ಎಳೆದು ಸೇರಿಸಿ. ಕಚೇರಿಯಲ್ಲಿ ಈ ಕೃತಿಗೆ ನೆರವಲ್ ಮಾಡುವವರು, ಅಂದರೆ ಒಂದೇ ಸಾಲನ್ನು ಹಿಡಿದು ಮನೋಧರ್ಮದಿಂದ ಬೆಳೆಸಿ ಹಾಡುವವರು, ಹೆಚ್ಚಾಗಿ ‘ಪ್ರಣವ ಸ್ವರೂಪ ವಕ್ರತುಂಡಂ’ ಸಾಲು ಹಿಡಿಯುತ್ತಾರೆ. ಓಂಕಾರದ ರೂಪದ ವಕ್ರತುಂಡನನ್ನು ಅಂತ ಅದು ತಾನೇ ತಾನಾಗಿ ಪೂರ್ತಿಯಾದ ಮಾತು, ಎಷ್ಟು ಸಲ ತಿರುಗಿಸಿ ಹಾಡಿದರೂ ಅರ್ಥ ತುಂಡಾಗುವುದಿಲ್ಲ. ನೀವೇ ನೆರವಲ್‌ಗೆ ಸಾಲು ಆರಿಸುವಾಗ ಈ ಲೆಕ್ಕ ನೆನಪಿರಲಿ.

ಮುಂದಿನ ಅಭ್ಯಾಸಕ್ಕೆ

ಮೊದಲು ಇನ್ನೆರಡು ಗಣಪತಿ ಕೃತಿ ಬಿಡಿಸಿ. ಎರಡೂ ದೀಕ್ಷಿತರವೇ. ಗೌಳ ರಾಗದ ‘ಶ್ರೀ ಮಹಾಗಣಪತಿರವತು ಮಾಂ’: ಗಣಪತಿಃ, ಅವತು, ಮಾಂ. ವಿಸರ್ಗ ಇಲ್ಲಿ ರ ಆಗಿದೆ, ಮಹಾಗಣಪತಿ ನನ್ನನ್ನು ಕಾಪಾಡಲಿ. ನಾಟ ರಾಗದ ‘ಮಹಾಗಣಪತಿಂ ಮನಸಾ ಸ್ಮರಾಮಿ’: ಮನಸಾ ಅಂದರೆ ಮನಸ್ಸಿನಿಂದ, ತೃತೀಯಾ.

ಆಮೇಲೆ ಕಮಲಾಂಬಾ ನವಾವರಣ ಕೃತಿಗಳ ಮೊದಲ ಸಾಲುಗಳನ್ನು ಸಾಲಾಗಿ ಬರೆದುಕೊಳ್ಳಿ. ತಿರುವಾರೂರಿನ ದೇವಿ ಕಮಲಾಂಬೆಯ ಮೇಲೆ ದೀಕ್ಷಿತರು ಶ್ರೀಚಕ್ರದ ಒಂಬತ್ತು ಆವರಣಗಳಿಗೆ (ಸುತ್ತುಗಳಿಗೆ) ಒಂದೊಂದು ಕೃತಿ ಹಾಡಿದ್ದಾರೆ, ಮೊದಲ ಏಳರಲ್ಲಿ ಒಂದೊಂದಕ್ಕೂ ಒಂದೊಂದು ವಿಭಕ್ತಿ ಇಟ್ಟಿದ್ದಾರೆ. ಶಾಲೆಯ ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ ಪಕ್ಕದಲ್ಲಿ ಬರೆದು ಹೊಂದಿಸಿ:

ಆನಂದಭೈರವಿ: ‘ಕಮಲಾಂಬಾ ಸಂರಕ್ಷತು ಮಾಂ’. ಕಮಲಾಂಬೆಯು ನನ್ನನ್ನು ಕಾಪಾಡಲಿ.

ಕಲ್ಯಾಣಿ: ‘ಕಮಲಾಂಬಾಂ ಭಜರೇ’. ಕಮಲಾಂಬೆಯನ್ನು ಭಜಿಸು.

ಶಂಕರಾಭರಣ: ‘ಶ್ರೀ ಕಮಲಾಂಬಿಕಯಾ ಕಟಾಕ್ಷಿತೋಹಂ’. ಕಮಲಾಂಬಿಕೆಯಿಂದ ಕಟಾಕ್ಷ ಪಡೆದವನು ನಾನು.

ಕಾಂಭೋಜಿ: ‘ಕಮಲಾಂಬಿಕಾಯೈ’. ಕಮಲಾಂಬಿಕೆಗೆ, ಮುಂದೆ ನಮಸ್ತೇ ಬರುತ್ತದೆ. ‘ನಮಃ ಶಿವಾಯ’ ಅನ್ನುವಲ್ಲಿ ಶಿವನಿಗೆ ಇರುವ ಹಾಗೆ.

ಭೈರವಿ: ‘ಶ್ರೀ ಕಮಲಾಂಬಾಯಾಃ ಪರಂ ನಹಿ ರೇ ಚಿತ್ತ’. ಮನಸ್ಸೇ, ಕಮಲಾಂಬೆಗಿಂತ ಆಚೆ ಏನೂ ಇಲ್ಲ. ಇಲ್ಲಿ ‘ದೆಸೆಯಿಂದ’ ಹಾಕಿದರೆ ಕನ್ನಡ ಕೂರುವುದಿಲ್ಲ, ‘ಗಿಂತ’ ಹಾಕಿ.

ಪುನ್ನಾಗವರಾಳಿ: ‘ಕಮಲಾಂಬಿಕಾಯಾಸ್ತವ ಭಕ್ತೋಹಂ’. ಕಮಲಾಂಬಿಕೆಯಾದ ನಿನ್ನ ಭಕ್ತ ನಾನು.

ಶಹಾನ: ‘ಶ್ರೀ ಕಮಲಾಂಬಿಕಾಯಾಂ ಭಕ್ತಿಂ ಕರೋಮಿ’. ಕಮಲಾಂಬಿಕೆಯಲ್ಲಿ ಭಕ್ತಿ ಮಾಡುತ್ತೇನೆ.

ಏಳು ಸಾಲು, ಏಳು ವಿಭಕ್ತಿ. ಇದನ್ನು ಬಾಯಿಪಾಠ ಮಾಡಿಟ್ಟುಕೊಂಡರೆ ದೇವಿಯ ಮೇಲಿನ ಯಾವ ಕೃತಿ ಬಂದರೂ ಪದದ ಬಾಲ ನೋಡಿ ಹೇಳಬಹುದು.

ಮೂರನೆಯದಾಗಿ ತ್ಯಾಗರಾಜರ ‘ಜಗದಾನಂದಕಾರಕ’. ಪಂಚರತ್ನ ಕೃತಿಗಳಲ್ಲಿ ಇದೊಂದು ಸಂಸ್ಕೃತದಲ್ಲಿದೆ, ಮಿಕ್ಕ ನಾಲ್ಕು ತೆಲುಗು. ಇದು ಸ್ವಲ್ಪ ಬೇರೆ ಜಾತಿ. ಇಲ್ಲಿ ‘ಂ’ ಹುಡುಕಿದರೆ ಸಿಗುವುದಿಲ್ಲ, ಎಲ್ಲವೂ ಸಂಬೋಧನೆ. ಜಗದಾನಂದಕಾರಕ, ಗಗನಾಧಿಪ ಸತ್ಕುಲಜ, ರಾಜರಾಜೇಶ್ವರ, ಸುಗುಣಾಕರ ಅಂತ ರಾಮನನ್ನು ಕರೆಯುತ್ತಾ ಹೋಗುತ್ತಾರೆ. ಗಗನಾಧಿಪ ಸತ್ಕುಲಜ ಎಂಬುದನ್ನು ನೀವೇ ಬಿಡಿಸಿ. ಆಕಾಶಕ್ಕೆ ಒಡೆಯ ಯಾರು, ರಾಮನ ವಂಶ ಯಾವುದು ಅಂತ ಯೋಚಿಸಿದರೆ ಉತ್ತರ ಬಂದುಬಿಡುತ್ತದೆ.